ಆಚೆ ದಡದಲ್ಲಿ ಒಣ ಸೀರೆ

ಸೋಫಾ ತರಲು ಹೋದವರು ಹಲಗೆ ತಂದೆವು.

ನಂದಿ ಬೆಟ್ಟದ ಕೆಳಗಿನ ತೋಟದ ಮನೆಯೊಂದರವರು ಊರು ಬಿಟ್ಟು ಹೋಗುವವರಿದ್ದರು. ಅಲ್ಲಿ ವೈರಿಂಗ್ ಕೆಲಸ ಮಾಡಿದ್ದ ನನ್ನ ಗಂಡನಿಗೆ ಅವರು ಹಳೆಯ ಸಾಮಾನು ಮಾರುತ್ತಿರುವುದು ಗೊತ್ತಾಗಿ, ಸೋಫಾ ನೋಡೋಣ ಬಾ ಎಂದು ನನ್ನನ್ನೂ ಕರೆದುಕೊಂಡು ಹೋದ. ಸೋಫಾ ಚೆನ್ನಾಗಿಯೇ ಇತ್ತು. ನಾನು ಅದರ ಮೇಲೆ ಒಂದು ಗಳಿಗೆ ಕೂತೆ, ಎದ್ದೆ, ಹಿತ್ತಲ ಶೆಡ್ಡಿನ ಕಡೆ ಹೊರಟೆ. ಕೂತಲ್ಲಿ ಕೂರುವ ಜಾಯಮಾನ ನನ್ನದಲ್ಲ. ಶೆಡ್ಡಿನ ಗೋಡೆಗೆ ಎರಡಾಳುದ್ದದ ಬಿಳಿ ಹಲಗೆಯೊಂದನ್ನು ಒರಗಿಸಿದ್ದರು. ಬಿಸಿಲಿಗೋ ವಯಸ್ಸಿಗೋ ಅದು ಹಳದಿಗೆ ತಿರುಗಿತ್ತು. ಪಕ್ಕದಲ್ಲಿ ಕಂಬ, ಸುತ್ತಿಟ್ಟ ಬಿಳಿ ಹಾಯಿ, ಬಾಗಿದ ಹಿಡಿಕೆ, ಚೀಲದಲ್ಲಿ ಒಂದಿಷ್ಟು ಬಿಡಿ ಸಾಮಾನು.

"ಇದೇನು ಸರ್?" ಎಂದು ಕೇಳಿದೆ. ಮನೆಯ ಯಜಮಾನರು ಒಳಗಿನಿಂದ ಒಂದು ಫೋಟೋ ತಂದು ತೋರಿಸಿದರು. ಹರೆಯದಲ್ಲಿದ್ದ ಅವರು ಯಾವುದೋ ಸಮುದ್ರದಲ್ಲಿ ಅದೇ ಹಲಗೆಯ ಮೇಲೆ ನಿಂತು, ಹಾಯಿಯ ಹಿಡಿಕೆಗೆ ಜೋತುಬಿದ್ದು, ನೀರಿನ ಮೇಲೆ ಓಡುತ್ತಿದ್ದರು. ವಿಂಡ್‌ಸರ್ಫಿಂಗ್ ಎಂದರು. ಇಂಜಿನ್ನಿಲ್ಲ, ಹುಟ್ಟಿಲ್ಲ, ಬರೀ ಗಾಳಿ. ಸೋಫಾ ನನ್ನ ತಲೆಯಿಂದ ಅಲ್ಲೇ ಹೋಯಿತು.

"ಹುಚ್ಚು ಹಿಡೀತೇನೇ ನಿಂಗೆ? ನಮ್ಮೂರಲ್ಲಿ ಸಮುದ್ರ ಎಲ್ಲಿದೆ?" ಎಂದ ಗಂಡ.

"ಕೆರೆ ಇದ್ಯಲ್ಲ."

"ಕೆರೇಲಿ ನೀರಿದ್ಯಾ?"

ನೀರಿರಲಿಲ್ಲ. ಆದರೂ ತಂದೆವು. ಯಜಮಾನರು ಹೊರಡುವ ಗಡಿಬಿಡಿಯಲ್ಲಿದ್ದರು. ಹಾಯಿಯನ್ನು ಕಂಬಕ್ಕೆ ಹೇಗೆ ಕಟ್ಟಬೇಕೆಂದು ತೋರಿಸಿ, ಮಿಕ್ಕಿದ್ದೆಲ್ಲ ಚೀಲದಲ್ಲಿದೆ ಎಂದು ಕೈ ಮುಗಿದರು. ಚಿಕ್ಕಬಳ್ಳಾಪುರದವರೆಗೆ ಲಗೇಜ್ ಆಟೋ, ಅಲ್ಲಿಂದ ಶಿಡ್ಲಘಟ್ಟದ ಬಸ್ಸಿನ ಟಾಪು. ಬಸ್ಸಿನಲ್ಲಿದ್ದವರೆಲ್ಲ ಬಾಗಿಲಾ, ಬೋರ್ಡಾ, ದೇವರ ಪಲ್ಲಕ್ಕಿ ಮಣೆಯಾ ಎಂದು ಕೇಳಿ ಕೇಳಿ ಸುಸ್ತಾದರು. ನನಗೆ ಸುಸ್ತಾಗಲಿಲ್ಲ.

ನಾನು ಗೌರಿಬಿದನೂರಿನವಳು. ನಮ್ಮ ಹೊಳೆಯಲ್ಲಿ ನೀರಿಗಿಂತ ಮರಳನ್ನೇ ಹೆಚ್ಚು ನೋಡಿ ಬೆಳೆದವಳು. ಈಜು ಕಲಿತದ್ದು ಅಣ್ಣಂದಿರ ಜೊತೆ ತೋಟದ ಬಾವಿಯಲ್ಲಿ. ಮದುವೆಗೆ ಮುಂಚೆ ಚಿಂತಾಮಣಿಯ ಶಾಲೆಯೊಂದರಲ್ಲಿ ಮಕ್ಕಳಿಗೆ ಕಂಪ್ಯೂಟರ್ ಹೇಳಿಕೊಡುತ್ತಿದ್ದೆ. ಮದುವೆಯಾಗಿ ದಿಬ್ಬೂರಹಳ್ಳಿಯಿಂದಾಚೆ ಕೆರೆಯ ಮೂಡಲ ದಡದ ಈ ಹಳ್ಳಿಗೆ ಬಂದೆ. ಆಗಿನ್ನೂ ನಾವೆಲ್ಲ ಕೋಲಾರ ಜಿಲ್ಲೆಯವರೇ. ಬಂದ ಮನೆಯಲ್ಲಿ ಮಾವ ಇರಲಿಲ್ಲ. ಅತ್ತೆ ಇದ್ದರು, ರೇಷ್ಮೆ ಹುಳುಗಳಿದ್ದವು. ಮನೆಯ ದೊಡ್ಡ ಕೋಣೆ ಹುಳುಗಳದ್ದು, ಚಿಕ್ಕ ಕೋಣೆ ನಮ್ಮದು.

ಆ ಹುಳುಮನೆಯೊಳಕ್ಕೆ ನನ್ನನ್ನು ಸೇರಿಸುತ್ತಿರಲಿಲ್ಲ. ಮೊದಮೊದಲು ಸೇರಿಸಿದ್ದರು. ನಾನು ಹಿಪ್ಪುನೇರಳೆ ಸೊಪ್ಪನ್ನು ರಪರಪನೆ ಎರಚುತ್ತಿದ್ದೆ, ತಟ್ಟೆಯನ್ನು ದಡಕ್ಕನೆ ಎಳೆಯುತ್ತಿದ್ದೆ. ಅತ್ತೆ ಎರಡು ಹುಳುಬೆಳೆ ನೋಡಿದರು. ಮೂರನೆಯದಕ್ಕೆ ಬಾಗಿಲಲ್ಲೇ ತಡೆದರು.

"ನಿಂದು ಅವಸರದ ಕೈ ಕಣಮ್ಮ. ಹುಳಕ್ಕೆ ಗೊತ್ತಾಗುತ್ತೆ. ನೀನು ಆಚೆ ಇರು."

ಆಚೆ ಇರು ಎಂದರೆ ಎಲ್ಲಿ ಇರುವುದು? ಅಡುಗೆ ಬೆಳಿಗ್ಗೆ ಎಂಟಕ್ಕೇ ಮುಗಿಯುತ್ತಿತ್ತು. ಅಂಗಳದಲ್ಲಿ ತಿರುಗಿದೆ, ಕೆರೆ ಏರಿಯ ಮೇಲೆ ತಿರುಗಿದೆ, ಟೈಲರಿಂಗ್ ಶುರು ಮಾಡಿ ಬಿಟ್ಟೆ, ಕೋಳಿ ತಂದು ಮಾರಿದೆ. ಮೈಯೊಳಗೆ ಇರುವೆ ಬಿಟ್ಟಂತಾಗುತ್ತಿತ್ತು. ಕೆಲಸಕ್ಕೆ ಬಾರದವಳು ಎಂದು ಯಾರೂ ಅನ್ನಲಿಲ್ಲ. ಅಂದಿದ್ದರೆ ಜಗಳವಾಡಬಹುದಿತ್ತು.

ಅಂಥ ಮನೆಗೆ ಹಲಗೆ ಬಂತು. ಅದು ಆಷಾಢ. ಸೀರೆ ಒಣಹಾಕಿದರೆ ಪಕ್ಕದ ಮನೆಗೆ ಹಾರುವಂಥ ಗಾಳಿ, ಕೆರೆಯಲ್ಲಿ ಮಾತ್ರ ಜಾಲಿ ಗಿಡ ಮತ್ತು ಮೇಕೆ. ಹಲ್ಲಿದ್ದಾಗ ಕಡಲೆ ಇಲ್ಲ ಅನ್ನುವುದು ಇದಕ್ಕೇ. ಹಲಗೆ ಕೊಟ್ಟಿಗೆ ಸೇರಿತು. ಚೀಲ ಬಿಚ್ಚಿದಾಗ ಹಗ್ಗ, ಬೆಲ್ಟುಗಳ ಜೊತೆಗೆ ಒಂದು ಮರದ ಮಣೆ ಸಿಕ್ಕಿತು. ಗಟ್ಟಿ ಮರ, ಕೈಯುದ್ದ, ಒಂದು ತುದಿಯಲ್ಲಿ ಹಿಡಿಯಲು ತೊಗಲಿನ ಪಟ್ಟಿ. ಏನಕ್ಕೆಂದು ನಮಗಿಬ್ಬರಿಗೂ ತಿಳಿಯಲಿಲ್ಲ. ಅತ್ತೆ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಸೊಪ್ಪು ಹೆಚ್ಚಕ್ಕೆ ಚೆನ್ನಾಗಿದೆ" ಎಂದು ಒಳಗೆ ತೆಗೆದುಕೊಂಡು ಹೋದರು. ಮರಿ ಹುಳುಗಳಿಗೆ ಸೊಪ್ಪನ್ನು ಸಣ್ಣಗೆ ಹೆಚ್ಚಿ ಹಾಕಬೇಕು. ಅವರ ಹಳೆಯ ಮಣೆ ಸೀಳುಬಿಟ್ಟಿತ್ತು. ನನಗೂ ಸಂತೋಷವೇ ಆಯಿತು. ನಾನು ತಂದ ಒಂದು ಸಾಮಾನಾದರೂ ಆ ಕೋಣೆ ಸೇರಿತಲ್ಲ ಎಂದು.

ಆ ವರ್ಷ ಹಿಂಗಾರು ಬಿಡದೆ ಸುರಿಯಿತು. ದೀಪಾವಳಿ ಹೊತ್ತಿಗೆ ಕೆರೆ ತುಂಬಿ ಕೋಡಿ ಬಿತ್ತು. ಹೆಂಗಸರೆಲ್ಲ ತಂಬಿಟ್ಟಿನ ದೀಪ ಹೊತ್ತು ಏರಿಯ ಮೇಲೆ ಗಂಗಮ್ಮನಿಗೆ ಪೂಜೆ ಮಾಡಿದರು. ಅತ್ತೆ ದೀಪ ಇಳಿಸಿ ನನ್ನ ಕಡೆ ತಿರುಗಿ, "ತುಂಬಿದ ವರ್ಷ ಕೆರೆ ಒಂದು ಜೀವ ಕೇಳುತ್ತೆ ಅಂತಾರೆ. ನೀನು ಆ ಹಲಗೆ ಮುಟ್ಬೇಡ" ಎಂದರು. ನಾನು ಹೂಂ ಎಂದೆ. ಮೂಡಣ ಗಾಳಿ ಶುರುವಾದ ದಿನವೇ ಮುಟ್ಟಿದೆ.

ಹಲಗೆಯ ಮೇಲೆ ನಿಲ್ಲುವುದೇ ಒಂದು ತಪಸ್ಸು. ಹತ್ತು, ಬೀಳು, ಹತ್ತು, ಬೀಳು. ಹಾಯಿ ನೀರಿನಲ್ಲಿ ಮಲಗಿರುತ್ತದೆ. ಅದಕ್ಕೆ ಕಟ್ಟಿದ ಹಗ್ಗವನ್ನು ಬಾವಿಯಿಂದ ಕೊಡ ಸೇದಿದ ಹಾಗೆ ಹಿಂದಕ್ಕೆ ವಾಲಿ ಸೇದಬೇಕು. ಸೇದಿದ ಹಾಯಿ ಎದ್ದು ನಿಂತ ಮೇಲೆ ಹಿಡಿಕೆ ಹಿಡಿಯಬೇಕು. ಬೆಳಗಿನ ಸೊಪ್ಪಿನಿಂದ ಮಧ್ಯಾಹ್ನದ ಸೊಪ್ಪಿನವರೆಗೆ ಬಿದ್ದೆ. ಏರಿಯ ಮೇಲೆ ಸಾಲಾಗಿ ಕೂತಿದ್ದ ಊರ ಜನಕ್ಕೆ ಸಿನಿಮಾ ಟಿಕೆಟ್ಟಿನ ಖರ್ಚು ತಪ್ಪಿತು. "ಊರಿಗೆ ಬಂದೋಳು ನೀರಿಗೆ ಬರ್ದೇ ಇರ್ತಾಳಾ ಅಂತಾರೆ, ನೀನು ನೀರ್ ಮೇಲೇ ಬಂದ್ಬಿಟ್ಯಲ್ಲಮ್ಮ!" ಎಂದು ಬಟ್ಟೆ ಒಗೆಯುತ್ತಿದ್ದವರು ಕೂಗಿದರು. ಆ ಕೂಗು ಮುಗಿಯುವಷ್ಟರಲ್ಲಿ ಗಾಳಿ ಹಾಯಿಗೆ ತುಂಬಿತು. ಹಲಗೆ ಹೊರಟಿತು.

ಆ ಖುಷಿಯನ್ನು ಹೇಗೆ ಹೇಳಲಿ! ಮೈಯೊಳಗಿನ ಇರುವೆಗಳೆಲ್ಲ ಒಮ್ಮೆಗೇ ಸುಮ್ಮನಾದವು. ಕಾಲಡಿಯಲ್ಲಿ ನೀರು ಸರಸರ ಸದ್ದು ಮಾಡುತ್ತಿತ್ತು, ಹಲಗೆಯ ನಡುವಿನ ಉದ್ದ ಸೀಳಿನಿಂದ ಬುಗ್ಗೆ ಚಿಮ್ಮುತ್ತಿತ್ತು. ನೀರು ಹರಿದುಹೋಗಲು ಮಾಡಿದ ಕಂಡಿ ಇರಬೇಕು ಎಂದುಕೊಂಡೆ. ಹಾಗೆಯೇ ಕೆರೆ ದಾಟಿ ಪಡುವಲ ದಡದ ಹಳ್ಳಿಯ ಕೆಸರಿಗೆ ಹೋಗಿ ಕುಕ್ಕರಿಸಿದೆ. ಆಮೇಲೆ ತಿರುಗಿ ನೋಡಿದೆ. ನಮ್ಮೂರು ಆಚೆ ಇತ್ತು, ಗಾಳಿ ಅಲ್ಲಿಂದ ಇಲ್ಲಿಗೆ ಬೀಸುತ್ತಿತ್ತು. ಹಾಯಿಯನ್ನು ಹೇಗೆ ಹಿಡಿದರೂ ಹಲಗೆ ಮತ್ತೆ ಕೆಸರಿಗೇ ಬರುತ್ತಿತ್ತು.

ಗಂಡ ಮೊಪೆಡ್‌ನಲ್ಲಿ ಕೆರೆ ಏರಿಯನ್ನು ಸುತ್ತಿ ಬಂದು, ಸೊಂಟದವರೆಗೆ ಕೆಸರಿಗಿಳಿದು ಎಳೆದ. ಇಬ್ಬರೂ ತೊಯ್ದು ತೊಪ್ಪೆಯಾಗಿದ್ದೆವು. ಹಲಗೆಗೆ ಏಟಾಗದಿರಲಿ ಎಂದು ಬಿಳಿ ಹಾಯಿಯನ್ನು ಅದರ ಸುತ್ತ ಸುತ್ತಿದೆ. ಹಗ್ಗದಿಂದ ಮೂರು ಕಡೆ ಬಿಗಿದೆ. ಮುಂದಿನ ತುದಿ ಅವನ ಹೆಗಲಿಗೆ, ಹಿಂದಿನದು ನನ್ನ ಹೆಗಲಿಗೆ. ಮೊಪೆಡ್ ಅಲ್ಲೇ ಬಿಟ್ಟು, ಹೀಗೆ ಆ ಹಳ್ಳಿಯ ಬೀದಿಯಲ್ಲಿ ನಡೆದೆವು.

ಮೊದಲು ಟೀ ಅಂಗಡಿಯಲ್ಲಿ ಕೂತಿದ್ದವರು ಎದ್ದು ನಿಂತರು. ಒಬ್ಬ ಮುದುಕರು ತಲೆಯ ಟವೆಲ್ ತೆಗೆದು ಕೈ ಮುಗಿದರು. ಒಂದು ಮನೆಯ ಹುಳುಕೋಣೆಯ ಬಾಗಿಲು ಧಡಾರನೆ ಮುಚ್ಚಿಕೊಂಡಿತು, ಆಮೇಲೆ ಇನ್ನೊಂದು. ಹೆಣ ಹೋಗುವಾಗ ಮೈಲಿಗೆ ತಟ್ಟದಿರಲಿ ಎಂದು ನಮ್ಮ ಕಡೆ ಹುಳುಮನೆ ಮುಚ್ಚುತ್ತಾರೆ. ನನಗೆ ಆಗಲೂ ಹೊಳೆಯಲಿಲ್ಲ. ಹೊಂಗೆ ಮರದ ಕೆಳಗೆ ಅವರೆಕಾಯಿ ಬಿಡಿಸುತ್ತಿದ್ದ ಅಜ್ಜಿಯೊಬ್ಬರು ಹತ್ತಿರ ಬಂದು ಮೆಲ್ಲಗೆ, "ಎವರಮ್ಮಾ ಪೋಯಿಂದಿ?" ಎಂದು ತೆಲುಗಿನಲ್ಲಿ ಕೇಳಿದಾಗ ಹೊಳೆಯಿತು. ಯಾರು ಹೋದದ್ದು ಎಂದು ಕೇಳುತ್ತಿದ್ದರು. ಒದ್ದೆ ಬಟ್ಟೆ, ಹೆಗಲ ಮೇಲೆ ಬಿಳಿ ಸುತ್ತಿದ ಉದ್ದನೆಯ ಹೊರೆ. ನಾವು ಚಟ್ಟ ಹೊತ್ತು ನಡೆಯುತ್ತಿದ್ದೆವು.

"ಯಾರೂ ಹೋಗಿಲ್ಲ ಅಜ್ಜಿ, ಹಲಗೆ ಇದು" ಎಂದೆ. ನಗು ತಡೆಯಲಾಗಲಿಲ್ಲ. ಹೆಗಲು ಕೊಟ್ಟವಳೇ ನಕ್ಕರೆ ಜನ ಏನೆಂದುಕೊಂಡಾರು!

ನಗು ಏರಿಯ ಅರ್ಧದವರೆಗೆ ಇತ್ತು. ಎದುರಿಗೆ ಅತ್ತೆ ಓಡಿ ಬರುತ್ತಿದ್ದರು. ನಮಗಿಂತ ಮುಂಚೆ ಸುದ್ದಿ ಊರು ಮುಟ್ಟಿತ್ತು: ಕೆರೆಯಿಂದ ಹೆಣ ತೆಗೆದರಂತೆ, ನಿಮ್ಮ ಮನೆಯದೇ ಅಂತೆ. ಅತ್ತೆಯ ಕಾಲಲ್ಲಿ ಚಪ್ಪಲಿ ಇರಲಿಲ್ಲ, ಕೈ ತುಂಬ ಸೊಪ್ಪಿನ ಹಸಿರು. ನನ್ನನ್ನು ನೋಡಿ ನಿಂತರು. ಹತ್ತಿರ ಬಂದು ಬೆನ್ನಿಗೆ ಒಂದು ಏಟು ಕೊಟ್ಟರು, ಆಮೇಲೆ ಅದೇ ಕೈಯಲ್ಲಿ ನನ್ನ ತೋಳು ಹಿಡಿದುಕೊಂಡು ಮನೆಯವರೆಗೂ ಬಿಡಲಿಲ್ಲ. ಬೈಗುಳ ಹೊಸ್ತಿಲ ಬಳಿ ಬಂತು.

"ಇನ್ನೊಂದ್ಸಲ ಒದ್ದೆ ಬಟ್ಟೇಲಿ ಊರೊಳಕ್ಕೆ ಬಂದ್ರೆ ನೋಡು."

ಒದ್ದೆ ಬಟ್ಟೆಯಲ್ಲಿ ಬರಬಾರದು ಎಂದರೇ ಹೊರತು ನೀರಿಗೆ ಹೋಗಬಾರದು ಎನ್ನಲಿಲ್ಲ. ನಾನು ನನಗೆ ಬೇಕಾದಷ್ಟನ್ನೇ ಕೇಳಿಸಿಕೊಂಡೆ. ಎರಡು ದಿನ ಬಿಟ್ಟು ಮತ್ತೆ ಹೋದೆ, ಮತ್ತೆ ಗಾಳಿ ಪಡುವಲಿಗೆ ತಳ್ಳಿತು. ಕೆಸರಿನಿಂದೆದ್ದು ತಲೆ ಎತ್ತಿದರೆ ಹೊಂಗೆ ಮರದ ಕೆಳಗೆ ಅತ್ತೆ ಕೂತಿದ್ದರು, ತೊಡೆಯ ಮೇಲೆ ಒಣ ಸೀರೆ.

"ಗಿಡದ ಮರೇಲಿ ಉಟ್ಕೊಂಡು ಬಾ" ಎಂದರು ಅಷ್ಟೆ.

ಹಲಗೆಯನ್ನು ಮರಕ್ಕೆ ಕಟ್ಟಿ ಇಬ್ಬರೂ ನಡೆದು ಬಂದೆವು. ಅದನ್ನಿನ್ನು ಹೆಗಲ ಮೇಲೆ ಹೊರಕೂಡದೆಂದು ಅತ್ತೆಯ ಆಜ್ಞೆಯಾಗಿತ್ತು. ಸಂಜೆ ನನ್ನ ಗಂಡ ಹಗ್ಗ ಹಿಡಿದು, ದಡದ ನೀರಿನಲ್ಲೇ ಎಮ್ಮೆ ಹೊಡೆದುಕೊಂಡು ಬರುವವನ ಹಾಗೆ ಗೊಣಗುತ್ತಾ ಎಳೆದು ತರುತ್ತಿದ್ದ.

ಅದೇ ಪದ್ಧತಿಯಾಯಿತು. ಬೆಳಗಿನ ಸೊಪ್ಪು ಹಾಕಿ ಅತ್ತೆ ಬಾಗಿಲಿಗೆ ಬಂದು ನಿಲ್ಲುವರು. ಹಾಯಿ ಕೆರೆಯ ನಡುವಿಗೆ ಹೋಯಿತೆಂದರೆ ಸೀರೆ ಬಗಲಿಗಿಟ್ಟು ಏರಿ ಹತ್ತುವರು. ಅಷ್ಟುದ್ದದ ಏರಿ, ಅವರ ಒಡೆದ ಹಿಮ್ಮಡಿ, ಮಧ್ಯಾಹ್ನದ ಸೊಪ್ಪಿಗೆ ವಾಪಸ್ಸು ಮುಟ್ಟುವ ತರಾತುರಿ. ನನಗೆ ಹಿಂಸೆಯಾಗತೊಡಗಿತು. ಹೋಗುವುದನ್ನು ಕಲಿತಿದ್ದೆ, ಬರುವುದನ್ನು ಕಲಿತಿರಲಿಲ್ಲ. ನಾನು ಸೋತ ಪ್ರತಿ ಸಲವೂ ಅವರು ನಡೆಯಬೇಕಾಗಿತ್ತು. ಒಂದೇ ಒಂದು ಸಲ, ಹೊರಟ ದಡಕ್ಕೆ ನಾನೇ ತಿರುಗಿ ಬಂದು, ಆ ಹೆಂಗಸನ್ನು ಏರಿ ಹತ್ತದ ಹಾಗೆ ಮಾಡಬೇಕು. ಅದು ಬಿಟ್ಟು ಆ ದಿನಗಳಲ್ಲಿ ನನ್ನ ತಲೆಯಲ್ಲಿ ಬೇರೇನೂ ಇರಲಿಲ್ಲ. ಊಟ ಮಾಡುವಾಗಲೂ ತಟ್ಟೆಯ ಅಂಚಿನಲ್ಲಿ ಗಾಳಿಯ ದಿಕ್ಕು ಗೀಚುತ್ತಿದ್ದೆ.

"ನೀವು ಬರ್ಬೇಡಿ ಅತ್ತೆ, ನಿಮ್ಮ ಕಾಲು ನೋಡಿ" ಎಂದರೆ, "ನಾನ್ ಬರ್ದೇ ಇದ್ರೆ ನೀನ್ ಒದ್ದೇಲಿ ಬರ್ತೀಯ" ಎನ್ನುವರು.

ದಡ ಮುಟ್ಟಿದಾಗ ಒಮ್ಮೊಮ್ಮೆ ಅವರು ನನ್ನನ್ನು ನೋಡುತ್ತಲೇ ಇರಲಿಲ್ಲ. ಆ ಅವರೆಕಾಯಿ ಅಜ್ಜಿಯ ಜೊತೆ ತಾವೂ ಕಾಯಿ ಬಿಡಿಸುತ್ತಾ ತೆಲುಗಿನಲ್ಲಿ ಏನೇನೋ ಮಾತಾಡುವರು. ನಗು ನೀರಿನ ಮೇಲೆ ದೂರದವರೆಗೆ ಕೇಳಿಸುತ್ತಿತ್ತು. ಪಾಪ, ನನಗಾಗಿ ಕಾಯುತ್ತಾ ಹೊತ್ತು ಕಳೆಯಲು ಏನು ಪಾಡು ಪಡುತ್ತಿದ್ದಾರೆ ಎಂದು ನನಗೆ ಇನ್ನಷ್ಟು ಸಿಟ್ಟು ಬರುತ್ತಿತ್ತು, ನನ್ನ ಮೇಲೆಯೇ.

ಸಂಕ್ರಾಂತಿಯಾದ ಮೇಲೆ ಶಿಡ್ಲಘಟ್ಟಕ್ಕೆ ಹೋದಾಗ ಬ್ರೌಸಿಂಗ್ ಸೆಂಟರಿಗೆ ನುಗ್ಗಿದೆ. ಆಗಿನ ಇಂಟರ್‌ನೆಟ್ಟಿನಲ್ಲಿ ಒಂದು ಚಿತ್ರ ತೆರೆಯುವಷ್ಟರಲ್ಲಿ ಒಂದು ಕಾಫಿ ಕುಡಿಯಬಹುದಿತ್ತು. ಹಳೆಯ ಉದ್ದ ಹಲಗೆಯ ಚಿತ್ರ ಮೇಲಿನಿಂದ ಕೆಳಕ್ಕೆ ಗೆರೆ ಗೆರೆಯಾಗಿ ಮೂಡಿತು: ಹಾಯಿ, ಕಂಬ, ಹಲಗೆ. ಆಮೇಲೆ ಹಲಗೆಯ ನಡುವಿನ ಸೀಳಿನಿಂದ ಕೆಳಕ್ಕೆ ನೀರಿನೊಳಗೆ ಇಳಿದ ಒಂದು ಉದ್ದನೆಯ ಮಣೆ. ಹಲಗೆ ಗಾಳಿಗೆ ಪಕ್ಕಕ್ಕೆ ಜಾರದ ಹಾಗೆ ನೀರನ್ನು ಕಚ್ಚಿ ಹಿಡಿಯುವುದು ಅದೇ. ಅದಿಲ್ಲದೆ ಗಾಳಿಗೆದುರು ಬರಲಾಗದು ಎಂದು ಕೆಳಗೆ ಬರೆದಿತ್ತು. ಮಣೆಯ ತುದಿಯಲ್ಲಿ ತೊಗಲಿನ ಪಟ್ಟಿ.

ನಾನು ಕುರ್ಚಿಯಿಂದ ಎದ್ದುಬಿಟ್ಟೆ. ನನ್ನ ಹಲಗೆಯ ಬೆನ್ನುಮೂಳೆ ಹುಳುಮನೆಯಲ್ಲಿ ಸೊಪ್ಪು ಹೆಚ್ಚುತ್ತಿತ್ತು!

ಬಸ್ಸಿಳಿದವಳು ಓಡಿಕೊಂಡೇ ಹೋದೆ. ಅತ್ತೆ ಬಾಗಿಲಿಗೆ ಬಂದರು. ಅವರ ಹಿಂದೆ, ಕೈಗೆಟುಕುವಷ್ಟು ದೂರದಲ್ಲಿ, ಹಸಿರುಗಟ್ಟಿದ ಮಣೆ ಕಾಣುತ್ತಿತ್ತು. ಎಲ್ಲ ಹೇಳಿದೆ. ಅವರು ಸಮಾಧಾನವಾಗಿ ಕೇಳಿಸಿಕೊಂಡರು.

"ಕೊಡ್ತೀನಿ. ಬೆಳೆ ಮುಗೀಲಿ."

"ಅತ್ತೆ, ಇವತ್ತೇ ಬೇಕು. ನೀರು ಇಳೀತಾ ಇದೆ."

"ಹುಳ ಈಗ ಎರಡನೇ ಜ್ವರಕ್ಕೆ ಕೂತಿವೆ. ಆ ಮಣೆ ಬಂದಾಗಿಂದ ಒಂದು ಬೆಳೇನೂ ಕೈ ಕೊಟ್ಟಿಲ್ಲ. ಬೆಳೆ ನಡುವೆ ಸಾಮಾನು ಆಚೆ ಹೋಗ್ಬಾರ್ದು ಕಣಮ್ಮ."

ಹುಳುಗಳು ಪೊರೆ ಬಿಡಲು ಮೇವು ಬಿಟ್ಟು ಕೂರುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಇನ್ನೂ ಎರಡು ಜ್ವರ ಬಾಕಿ, ಆಮೇಲೆ ಹುಳು ಹಣ್ಣಾಗಬೇಕು, ಚಂದ್ರಿಕೆ ಎನ್ನುವ ಬಿದಿರಿನ ತಟ್ಟಿಯ ಮೇಲೆ ಗೂಡು ಕಟ್ಟಬೇಕು, ಗೂಡು ಬಿಡಿಸಬೇಕು. ಮೂರನೆಯ ಜ್ವರದ ಹೊತ್ತಿಗೆ ಸೊಪ್ಪು ಹೆಚ್ಚುವುದೇ ನಿಂತಿತು. ಮಣೆ ಮೂಲೆಯಲ್ಲಿ ಖಾಲಿ ಕೂತಿತ್ತು. ಆದರೂ ಕೊಡಲಿಲ್ಲ. "ನನ್ನ ಮಣೆ ಅದು!" ಎಂದು ಒಮ್ಮೆ ಕಿರುಚಿದೆ. "ನಿಂದೇ" ಎಂದು ಹೇಳಿ ಒಳಗೆ ಹೋದರು. ಅವರು ಕೆರೆಯ ಆಚೆ ಇದ್ದ ಹೊತ್ತಿನಲ್ಲಿ ಬೇಕಾದರೆ ಎತ್ತಿಕೊಳ್ಳಬಹುದಿತ್ತು, ಆದರೆ ಆಗ ನಾನೂ ನೀರಿನ ಮೇಲಿರುತ್ತಿದ್ದೆ. ಉಳಿದ ಹೊತ್ತಿನಲ್ಲಿ ಕದಿಯಲು ಮನಸ್ಸೇನೋ ಬಂತು. ಹುಳುಗಳು ಸೊಪ್ಪು ಮೇಯುವ ಚಿರಿಚಿರಿ ಸದ್ದು ಕೇಳುತ್ತಾ ಬಾಗಿಲಲ್ಲಿ ನಿಂತು ವಾಪಸ್ಸು ಬಂದೆ. ಬೆಳೆ ಕೆಟ್ಟರೆ ಎಂಬ ಭಯ ನನ್ನೊಳಗೂ ಸೇರಿಕೊಂಡಿತ್ತು.

ದಿನ ದಿನಕ್ಕೆ ನೀರು ಇಳಿಯಿತು. ತೂಬು ತೆರೆದಿದ್ದರು, ಗದ್ದೆಗೆ ನೀರು ಬೇಕಿತ್ತು. ಮೊದಲು ಬಟ್ಟೆ ಒಗೆಯುವ ಕಲ್ಲುಗಳು ನೀರಿನಿಂದ ಹೊರಬಿದ್ದವು, ಆಮೇಲೆ ಕೆರೆಯ ನಡುವೆ ಜಾಲಿ ಮರಗಳ ತಲೆ ಕಂಡವು. ನಾನು ಬೆಳಿಗ್ಗೆ ಎದ್ದು ಮೊದಲು ಕೆರೆ ನೋಡುತ್ತಿದ್ದೆ, ಆಮೇಲೆ ಹುಳುಮನೆಯ ಬಾಗಿಲು. ಯಾವುದು ಮೊದಲು ಮುಗಿಯುತ್ತದೋ ಎಂದು ಬೆರಳೆಣಿಸುತ್ತಿದ್ದೆ.

ಶಿವರಾತ್ರಿಗೆ ಮುಂಚೆ ಗೂಡು ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಹೋಯಿತು. ಮಾರನೆಯ ಬೆಳಿಗ್ಗೆ ಅತ್ತೆ ಮಣೆಯನ್ನು ಉಜ್ಜಿ ತೊಳೆದು, ತುದಿಗೆ ಅರಿಶಿನ ಹಚ್ಚಿ ತಂದುಕೊಟ್ಟರು. ಮೈ ತುಂಬ ಕತ್ತಿಯ ಗೀರು. ಹಲಗೆಯ ಸೀಳಿಗೆ ಇಳಿಸಿದೆ. ಅದಕ್ಕೆಂದೇ ಹುಟ್ಟಿದ್ದರಿಂದ ಸಲೀಸಾಗಿ ಕೂತಿತು.

ನೀರಿಗಿಳಿದೆ. ಬುಗ್ಗೆ ಚಿಮ್ಮಲಿಲ್ಲ. ಕೆರೆಯ ನಡುವೆ ಹೋಗಿ, ಎದೆ ಗಟ್ಟಿ ಮಾಡಿ, ಹಾಯಿ ಆಚೆ ಬದಿಗೆ ದಾಟಿಸಿ ಹಲಗೆ ತಿರುಗಿಸಿದೆ. ಕಾಲ ಕೆಳಗೆ ಏನೋ ನೀರನ್ನು ಕಚ್ಚಿ ಹಿಡಿದದ್ದು ಪಾದಕ್ಕೆ ತಿಳಿಯಿತು. ಹಲಗೆ ಜಾರಲಿಲ್ಲ. ಗಾಳಿಗೆ ಓರೆಯಾಗಿ ಉತ್ತರಕ್ಕೆ ಸಾಗಿತು, ಮತ್ತೆ ತಿರುಗಿಸಿದೆ, ದಕ್ಷಿಣಕ್ಕೆ ಸಾಗಿತು. ಹಾಗೆ ಅಡ್ಡಡ್ಡ ಹೋಗುತ್ತಲೇ ಒಂದೊಂದು ತಿರುವಿಗೂ ನಮ್ಮೂರು ಹತ್ತಿರ ಬಂತು. ಗುಡಿ ಕಂಡಿತು, ನಮ್ಮ ಮನೆಯ ಹೆಂಚು ಕಂಡಿತು, ಕೊನೆಗೆ ಒಗೆಯುವ ಕಲ್ಲುಗಳ ಕೆಳಗೆ, ಹೊರಟ ಜಾಗದಲ್ಲೇ, ಹಲಗೆಯ ಮೂಗು ಮರಳಿಗೆ ತಾಗಿತು. ನನ್ನ ಬಟ್ಟೆ ಮೊಣಕಾಲಿನಿಂದ ಮೇಲೆ ಒಣಗಿಯೇ ಇತ್ತು.

"ಅತ್ತೆ! ಬಂದೆ! ನೋಡಿ ಬಂದೆ!" ಎಂದು ಕಿರುಚಿದೆ.

ಮನೆಯ ಬಾಗಿಲು ಹಾಕಿತ್ತು. ಏರಿಯ ಮೇಲೂ ಯಾರೂ ಇರಲಿಲ್ಲ. ತಿರುಗಿ ಕೆರೆಯಾಚೆ ನೋಡಿದೆ. ಪಡುವಲ ದಡದ ಹೊಂಗೆ ಮರದ ಕೆಳಗೆ ಹಸಿರು ಚುಕ್ಕೆಯಂತೆ ಅತ್ತೆಯ ಸೀರೆ. ಹಾಯಿ ಹೊರಟದ್ದನ್ನು ನೋಡಿ ಎಂದಿನಂತೆ ಏರಿ ಹತ್ತಿ ಹೋಗಿಬಿಟ್ಟಿದ್ದರು.

ನನಗೆ ಅಳು ಬಂತು. ಇಷ್ಟು ತಿಂಗಳು ಯಾರನ್ನು ನಡೆಸಬಾರದೆಂದು ಒದ್ದಾಡಿದೆನೋ ಅವರೇ ಗೆದ್ದ ದಿನವೂ ನಡೆದಿದ್ದರು. ಇನ್ನೇನು ಮಾಡುವುದು, ಹಲಗೆ ತಿರುಗಿಸಿದೆ. ಗಾಳಿ ಬೆನ್ನಿಗಿತ್ತು, ಬೇಗ ಮುಟ್ಟಿದೆ. ಅಜ್ಜಿ ಒಳಗೆ ಹೋಗಿದ್ದರು. ಅತ್ತೆಯ ಮುಂದೆ ಬಿಡಿಸಿದ ಕಾಯಿಯ ಸಿಪ್ಪೆ ಗುಡ್ಡೆಯಾಗಿತ್ತು.

"ನೋಡಿದ್ರಾ? ಆ ದಡಕ್ಕೆ ವಾಪಸ್ ಹೋಗಿದ್ದೆ!"

"ನೋಡ್ದೆ." ಸೀರೆಯ ಮಡಿಕೆಯನ್ನು ಬಿಚ್ಚಿ ಮತ್ತೆ ಮಡಿಸಿದರು. "ಮಣೆ ಹಾಕಿದ್ರೆ ಬರ್ತೀಯ ಅಂತ ಗೊತ್ತಿತ್ತು."

"ಗೊತ್ತಿದ್ದೂ ಯಾಕೆ ನಡ್ಕೊಂಡು ಬಂದ್ರಿ?"

"ಮದ್ವೆಯಾಗಿ ಬಂದಾಗಿಂದ ಆ ಕೋಣೆ ಬಿಟ್ಟು ಎಲ್ಲಿಗೆ ಹೋಗಿದೀನಿ ಹೇಳು? ಒಬ್ಬಳೇ ಏರಿ ಮೇಲೆ ನಡೆದ್ರೆ, ಎಲ್ಲಿಗಮ್ಮ ಅಂತ ಕೇಳೋರೇ ಎಲ್ಲಾ. ಸೊಸೆಗೆ ಸೀರೆ ತಗೊಂಡು ಹೋಗ್ತಿದೀನಿ ಅಂದ್ರೆ ಯಾರೂ ಕೇಳಲ್ಲ." ಆಮೇಲೆ ದನಿ ತಗ್ಗಿಸಿದರು. "ಬೆಳೆ ಒಂದು ನೆಪ ಕಣಮ್ಮ. ಮಣೆ ಕೊಡಕ್ಕೆ ನಂಗೇ ಮನಸ್ಸಿರ್ಲಿಲ್ಲ."

ಮೈಯೊಳಗೆ ಇರುವೆ ಬಿಟ್ಟುಕೊಂಡವಳು ಆ ಮನೆಯಲ್ಲಿ ನಾನೊಬ್ಬಳೇ ಎಂದುಕೊಂಡಿದ್ದೆ.

"ಹಂಗಾದ್ರೆ ನಾಳೆಯಿಂದ ನಾನು ಬರೋದು ಬೇಡ್ವಾ?" ಎಂದು ಕೇಳಿದರು.

ನಾನು ಅವರ ತೊಡೆಯ ಮೇಲಿನ ಒಣ ಸೀರೆಯನ್ನು ಎತ್ತಿಕೊಂಡು, ನೀರಿಗೆ ನಡೆದು, ಅದನ್ನು ಹಿಡಿದೇ ಕುತ್ತಿಗೆಯವರೆಗೆ ಮುಳುಗಿ ಎದ್ದು ಬಂದೆ. ಬಟ್ಟೆ, ಸೀರೆ, ತಲೆ ಎಲ್ಲ ತೊಟ್ಟಿಕ್ಕುತ್ತಿತ್ತು. ಅತ್ತೆ ಬಾಯಿ ತೆರೆದು ನೋಡಿದರು.

"ನಾಳೆ ಎರಡು ಸೀರೆ ತನ್ನಿ ಅತ್ತೆ" ಎಂದೆ. "ಒಂದು ನಿಮಗೆ. ಹಲಗೆ ಮೇಲೆ ಇಬ್ರು ಕೂರ್ಬೋದಾ ನೋಡಣ."